ಸರ್ಚ್ ಕನ್ಸೋಲಿನಲ್ಲಿ ಕಾಣದ ಕ್ಲಿಕ್ಕುಗಳು: ಕನ್ನಡ ಸೈಟಿಗೆ ಹೊಡೆತ ಯಾಕೆ ಹೆಚ್ಚು

ಗೂಗಲ್ ಹುಡುಕಾಟದಿಂದ ಸೈಟಿಗೆ ಬಂದವರ ಲೆಕ್ಕ ತೋರಿಸುವ ಉಪಕರಣ ಸರ್ಚ್ ಕನ್ಸೋಲ್. ಅದರ ಪರ್ಫಾರ್ಮೆನ್ಸ್ ವರದಿಯಲ್ಲಿ ಕಳೆದ ಮೂರು ತಿಂಗಳನ್ನು ಆರಿಸಿ, ಮೇಲಿನ ನೀಲಿ ಪೆಟ್ಟಿಗೆಯಲ್ಲಿರುವ ಒಟ್ಟು ಕ್ಲಿಕ್ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಆಮೇಲೆ ಕೆಳಗಿನ ಕ್ವೆರಿ (ಜನ ಹುಡುಕಿದ ಪದ) ಪಟ್ಟಿಯನ್ನು ಡೌನ್‌ಲೋಡ್ ಮಾಡಿ, ಎಕ್ಸೆಲ್‌ನಲ್ಲಿ ಕ್ಲಿಕ್ ಕಾಲಂ ಕೂಡಿಸಿ. ಎರಡು ಲೆಕ್ಕ ತಾಳೆಯಾಗುವುದಿಲ್ಲ. ಕನ್ನಡದಲ್ಲಿ ಬರೆಯುವ ಸೈಟಾದರೆ ಅಂತರ ಇನ್ನೂ ದೊಡ್ಡದಾಗುವುದೇ ಹೆಚ್ಚು. ಸೈಟ್ ಕೆಟ್ಟಿಲ್ಲ, ಟ್ರ್ಯಾಕಿಂಗ್ ಕೋಡೂ ತಪ್ಪಿಲ್ಲ. ಜನ ಬಂದಿದ್ದಾರೆ, ಕ್ಲಿಕ್ ಬಿದ್ದಿದೆ. ಏನು ಹುಡುಕುತ್ತಾ ಬಂದರು ಅನ್ನುವುದನ್ನು ಗೂಗಲ್ ಹೇಳುತ್ತಿಲ್ಲ, ಅಷ್ಟೆ.

ಮೊದಲು ಹೀಗಿರಲಿಲ್ಲ. ಗೂಗಲ್‌ನಿಂದ ಬಂದವರು ಹುಡುಕಿದ ಪದ ರೆಫರರ್ ವಿಳಾಸದ (ಯಾವ ಪುಟದಿಂದ ಬಂದರು ಅಂತ ಬ್ರೌಸರ್ ತಿಳಿಸುವ ವಿಳಾಸದ) ಬಾಲಕ್ಕೆ ಅಂಟಿಕೊಂಡೇ ಬರುತ್ತಿತ್ತು. ಗೂಗಲ್ ಅನಲಿಟಿಕ್ಸ್ (ಸೈಟಿಗೆ ಬಂದವರನ್ನು ಎಣಿಸುವ ಉಪಕರಣ) ಹಾಕದವರಿಗೂ ಸರ್ವರ್ ಲಾಗ್ (ಭೇಟಿಗಳ ದಾಖಲೆ) ತೆರೆದರೆ ಸಾಕಿತ್ತು, ಯಾವ ಪದಕ್ಕೆ ಯಾವ ಪುಟ ಅಂತ ಸಾಲುಸಾಲಾಗಿ ಸಿಗುತ್ತಿತ್ತು. 2011ರ ಅಕ್ಟೋಬರ್‌ನಲ್ಲಿ, ಲಾಗಿನ್ ಆಗಿ ಹುಡುಕುವವರಿಗೆ ಗೂಗಲ್ ಎಚ್‌ಟಿಟಿಪಿಎಸ್ (ಗುಪ್ತಲಿಪಿಯ ಸಂಪರ್ಕ) ತಂದಿತು, ಜೊತೆಗೆ ಆ ಬಾಲವನ್ನೂ ಕತ್ತರಿಸಿತು. 2013ರ ಸೆಪ್ಟೆಂಬರ್ ಹೊತ್ತಿಗೆ ಲಾಗಿನ್ ಆಗದವರಿಗೂ ಅದೇ ಆಯಿತು. ಅನಲಿಟಿಕ್ಸ್‌ನ ಕೀವರ್ಡ್ ಪಟ್ಟಿಯ ತಲೆಯ ಮೇಲೆ ‘ನಾಟ್ ಪ್ರೊವೈಡೆಡ್’ ಅನ್ನುವ ಸಾಲು ಬಂದು ಕೂತದ್ದು ಆಗಲೇ.

ಇಲ್ಲೊಂದು ಮಾತು ಹೇಳಲೇಬೇಕು. ಎಚ್‌ಟಿಟಿಪಿಎಸ್‌ಗೆ ಹೋದ ಮಾತ್ರಕ್ಕೆ ಪದ ಕಳೆದುಹೋಗಬೇಕಾಗಿರಲಿಲ್ಲ. ಎಚ್‌ಟಿಟಿಪಿಎಸ್ ಪುಟದಿಂದ ಇನ್ನೊಂದು ಎಚ್‌ಟಿಟಿಪಿಎಸ್ ಪುಟಕ್ಕೆ ಹೋದರೆ ರೆಫರರ್ ಪೂರ್ತಿಯಾಗಿ ಹೋಗುವುದೇ ಅಂದಿನ ರೂಢಿ. ಪದವನ್ನು ತೆಗೆದದ್ದು ಗೂಗಲ್‌ನ ತೀರ್ಮಾನ. ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತಿನ ಕ್ಲಿಕ್ಕಿಗೆ ಮಾತ್ರ ಪದ ಹೋಗುತ್ತಲೇ ಇತ್ತು, ಅದು ನಿಂತದ್ದು 2014ರ ಏಪ್ರಿಲ್‌ನಲ್ಲಿ. ಎರಡೂವರೆ ವರ್ಷ ಖಾಸಗಿತನಕ್ಕೆ ಎರಡು ಅಳತೆಗೋಲು ಇದ್ದವು. ಹಾಗಂತ ಪದ ಮುಚ್ಚಿದ್ದೇ ತಪ್ಪು ಅಂತ ನಾನು ಹೇಳುವುದಿಲ್ಲ. ಒಬ್ಬರ ಕಾಯಿಲೆಯ ಹೆಸರೋ, ಸಾಲದ ತಾಪತ್ರಯವೋ ಕಂಡವರ ಸರ್ವರ್ ಲಾಗಿನಲ್ಲಿ ಬಿದ್ದಿರುವುದು ಯಾರಿಗೂ ಬೇಡ.

ಆಮೇಲೆ ಬ್ರೌಸರ್‌ಗಳೂ ಅದೇ ದಾರಿ ಹಿಡಿದವು. 2020ರ ಕ್ರೋಮ್ 85, 2021ರ ಫೈರ್‌ಫಾಕ್ಸ್ 87ರಿಂದ ಈಚೆಗೆ ಬೇರೆ ಸೈಟಿಗೆ ಹೋಗುವಾಗ ರೆಫರರ್‌ನಲ್ಲಿ ಬರಿ ಡೊಮೇನ್ ಮಾತ್ರ ಉಳಿಯುತ್ತದೆ. ಆದ್ದರಿಂದ ಹಳೆಯ ಲಾಗ್ ಉಪಾಯಕ್ಕೆ ಮತ್ತೆ ಜೀವ ಬರುವ ಆಸೆ ಬೇಡ. ಪದ ಸಿಗುವ ಜಾಗ ಈಗ ಸರ್ಚ್ ಕನ್ಸೋಲ್ ಒಂದೇ, ಅದೂ ಜರಡಿ ಹಿಡಿದ ಮೇಲೆ.

ಆ ಜರಡಿಯ ಕಣ್ಣು ಎಷ್ಟು ದೊಡ್ಡದು? ಎರಡು-ಮೂರು ತಿಂಗಳ ಅವಧಿಯಲ್ಲಿ ಕೆಲವು ಡಜನ್‌ಗಿಂತ ಹೆಚ್ಚು ಜನ ಹುಡುಕದ ಪದಪುಂಜವನ್ನು ತೋರಿಸುವುದಿಲ್ಲ ಅನ್ನುವುದು ಗೂಗಲ್ ಕೊಟ್ಟಿರುವ ವಿವರಣೆ. ಅಂಥವುಗಳ ಹೆಸರು ಅನಾಮಿಕ ಕ್ವೆರಿ. ಇಲ್ಲಿ ಎಣಿಸುವುದು ನಿಮ್ಮ ಸೈಟಿಗೆ ಬಂದವರನ್ನಲ್ಲ, ಆ ಪದವನ್ನು ಗೂಗಲ್‌ನಲ್ಲಿ ಹುಡುಕಿದ ಎಲ್ಲರನ್ನೂ. ಕನ್ನಡಕ್ಕೆ ಪೆಟ್ಟು ಬೀಳುವುದು ಇಲ್ಲೇ.

ಪಹಣಿ ತಿದ್ದುಪಡಿಯ ಬಗ್ಗೆ ಒಂದು ಪುಟ ಇದೆ ಎಂದಿಟ್ಟುಕೊಳ್ಳಿ. ಹಳೇ ಮೈಸೂರಿನವರು ಪಹಣಿ ಅನ್ನುತ್ತಾರೆ, ಉತ್ತರ ಕರ್ನಾಟಕದವರು ಉತಾರ ಅನ್ನುತ್ತಾರೆ, ಆರ್‌ಟಿಸಿ ಎಲ್ಲ ಕಡೆಯೂ ನಡೆಯುತ್ತದೆ. ಅದಕ್ಕೆ ‘ತಿದ್ದುಪಡಿ ಮಾಡುವುದು ಹೇಗೆ’, ‘ತಿದ್ದುಪಡಿ ಮಾಡಿಸೋದು ಹೆಂಗೆ’, ‘ತಿದ್ದುಪಡಿ ಅರ್ಜಿ’, ‘ಹೆಸರು ತಪ್ಪಾಗಿದೆ’ ಅಂತ ನಾಲ್ಕು ಬಾಲ ಸೇರಿಸಿ. ಕನ್ನಡ ಲಿಪಿಯಲ್ಲಿ ಹೊಡೆಯುವವರು ಅರ್ಧ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಹೊಡೆಯುವವರು ಅರ್ಧ. ಮೂರು ನಾಲ್ಕಲೆ ಹನ್ನೆರಡು, ಅದರ ಎರಡರಷ್ಟು ಅಂದರೆ 24 ಕ್ವೆರಿ. ಒಂದೊಂದನ್ನು ಮೂರು ತಿಂಗಳಲ್ಲಿ 20 ಜನ ಹುಡುಕಿದರೂ ಒಟ್ಟು 480 ಜನ ಒಂದೇ ಪ್ರಶ್ನೆ ಕೇಳಿದ ಹಾಗಾಯಿತು. ಗೂಗಲ್ ಎಣಿಕೆಯಲ್ಲಿ ಮಾತ್ರ ಅದು ಇಪ್ಪತ್ತು ಇಪ್ಪತ್ತು ಜನರ 24 ಬೇರೆಬೇರೆ ಪ್ರಶ್ನೆ. ಒಂದೂ ಜರಡಿಯ ಮೇಲೆ ಉಳಿಯದೆ ಹೋಗಬಹುದು. ಇಂಗ್ಲಿಷ್ ಅಕ್ಷರದ ಕಾಗುಣಿತವನ್ನು ನಾನು ಒಂದೇ ಎಂದು ಹಿಡಿದಿದ್ದೇನೆ. ನಿಜದಲ್ಲಿ ಪಹಣಿಯನ್ನೇ ಜನ ನಾಲ್ಕು ಥರ ಬರೆಯುತ್ತಾರೆ.

ಎಷ್ಟು ಮುಚ್ಚಿದೆ ಅಂತ ಅಳೆಯುವುದು

ಪಟ್ಟಿ ಕೂಡಿಸಿ ನೋಡುವ ಮೇಲಿನ ಉಪಾಯ ಒರಟು. ಡೌನ್‌ಲೋಡ್‌ಗೆ 1,000 ಸಾಲಿನ ಮಿತಿ ಇದೆ, ಹಾಗಾಗಿ ಕಾಣೆಯಾದ ಕ್ಲಿಕ್ಕುಗಳಲ್ಲಿ ಅನಾಮಿಕ ಎಷ್ಟು, ಮಿತಿಯಾಚೆ ಉಳಿದದ್ದು ಎಷ್ಟು ಅಂತ ಗೊತ್ತಾಗುವುದಿಲ್ಲ. ಫಿಲ್ಟರ್ ಹಾಕಿದರೆ ಇನ್ನೂ ಹತ್ತಿರದ ಅಂದಾಜು ಸಿಗುತ್ತದೆ. ಕ್ವೆರಿ ಫಿಲ್ಟರ್ ಒತ್ತಿ, ‘ಕಸ್ಟಮ್ ರೆಜೆಕ್ಸ್’ (ಅಕ್ಷರಗಳ ಮಾದರಿ ಕೊಟ್ಟು ಹುಡುಕುವ ವಿಧಾನ) ಆರಿಸಿ, ಪೆಟ್ಟಿಗೆಯಲ್ಲಿ ಇಷ್ಟೇ ಹೊಡೆಯಿರಿ:

[ಅ-ಹ]

ಕನ್ನಡದ ಒಂದಾದರೂ ಅಕ್ಷರ ಇರುವ ಎಲ್ಲ ಕ್ವೆರಿಯನ್ನೂ ಇದು ಹಿಡಿಯುತ್ತದೆ. ಮೇಲಿನ ಒಟ್ಟು ಕ್ಲಿಕ್ ಬರೆದುಕೊಳ್ಳಿ. ಈಗ ಅದೇ ಫಿಲ್ಟರನ್ನು ‘ಡಸಂಟ್ ಮ್ಯಾಚ್’ಗೆ ಬದಲಿಸಿ, ಆ ಸಂಖ್ಯೆಯನ್ನೂ ಬರೆದುಕೊಳ್ಳಿ. ಇವು ಎರಡೂ ಸೇರಿದರೆ ಫಿಲ್ಟರ್ ಇಲ್ಲದ ಒಟ್ಟು ಬರಬೇಕಿತ್ತು. ಬರುವುದಿಲ್ಲ. ಕ್ವೆರಿ ಫಿಲ್ಟರ್ ಹಾಕಿದ ತಕ್ಷಣ ಅನಾಮಿಕ ಕ್ವೆರಿಗಳೆಲ್ಲ ಲೆಕ್ಕದಿಂದ ಹೊರಗೆ ಬೀಳುತ್ತವೆ. ಉದಾಹರಣೆಗೆ ಒಟ್ಟು 10,000 ಇದ್ದು, ಹೊಂದುವವು 2,600, ಹೊಂದದವು 1,900 ಅಂತ ಬಂದರೆ, 5,500 ಕ್ಲಿಕ್ಕಿನ ಪದ ನಿಮಗೆ ಕಾಣುತ್ತಿಲ್ಲ. ಅದರಲ್ಲಿ ಬಹುಪಾಲು ಅನಾಮಿಕ, ಸ್ವಲ್ಪ ಗೂಗಲ್‌ನ ಒಳಗಿನ ಸಾಲುಮಿತಿಯಿಂದ ಬಿದ್ದದ್ದು.

ಇದರಿಂದ ಒಂದು ತಪ್ಪು ಎಣಿಕೆ ಹುಟ್ಟುತ್ತದೆ. ‘ನಮ್ಮ ಓದುಗರಲ್ಲಿ ಕನ್ನಡ ಲಿಪಿಯಲ್ಲಿ ಹುಡುಕುವವರು ನೂರಕ್ಕೆ 26’ ಅಂತ ಯಾರಾದರೂ ಸ್ಲೈಡ್ ಮಾಡಿ ತೋರಿಸಿದರೆ ನಂಬಬೇಡಿ. 10,000ಕ್ಕೆ 2,600 ಅನ್ನುವುದು ಅರ್ಥವಿಲ್ಲದ ಭಾಗಾಕಾರ. 4,500ಕ್ಕೆ 2,600 ಅನ್ನುವುದೂ ಪೂರ್ತಿ ಸರಿಯಲ್ಲ. ಕಾಣುವ ಕ್ವೆರಿಗಳು ಚೀಲಕ್ಕೆ ಕೈಹಾಕಿ ಎತ್ತಿಕೊಂಡ ಒಂದು ಹಿಡಿ ಅಕ್ಕಿಯಂತಲ್ಲ, ಜರಡಿಯ ಮೇಲೆ ಉಳಿದ ನುಚ್ಚಿಲ್ಲದ ಕಾಳು. ಬಹಳ ಜನ ಹುಡುಕುವ ಚುಟುಕು ಪದಗಳೇ ಅಲ್ಲಿರುತ್ತವೆ. ಉದ್ದನೆಯ, ನಿರ್ದಿಷ್ಟವಾದ ಪ್ರಶ್ನೆಗಳು, ಅಂದರೆ ಓದುಗರಿಗೆ ನಿಜವಾಗಿ ಏನು ಬೇಕಿತ್ತು ಅಂತ ಹೇಳುವಂಥವು, ಕೆಳಗೆ ಬಿದ್ದಿರುತ್ತವೆ. ಸರಾಸರಿ ಸ್ಥಾನವೂ ಹಾಗೆಯೇ. ಕ್ವೆರಿ ಫಿಲ್ಟರ್ ಹಾಕಿದಾಗ ಅದು ಏರಿದರೂ ಇಳಿದರೂ ರ‍್ಯಾಂಕ್ ಬದಲಾಗಿಲ್ಲ, ಲೆಕ್ಕಕ್ಕೆ ಹಿಡಿದ ಗುಂಪು ಬದಲಾಗಿದೆ.

ಒಂದು ವಿಷಯದ ಕನ್ನಡ ಲಿಪಿಯ ಕ್ವೆರಿಗಳನ್ನು ಒಟ್ಟಿಗೆ ನೋಡಲು:

ಪಹಣಿ|ಉತಾರ|ಆರ್.?ಟಿ.?ಸಿ

ನಡುವೆ ಚುಕ್ಕಿ-ಪ್ರಶ್ನಾರ್ಥಕ ಯಾಕೆ ಅಂದರೆ, ‘ಆರ್‌ಟಿಸಿ’ಯಲ್ಲಿ ಅರ್ಕಾವತ್ತು ಆಗದ ಹಾಗೆ ತಡೆಯಲು ಕೀಬೋರ್ಡು ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಸುತ್ತದೆ. ಕೆಲವರು ಅದರ ಬದಲು ಖಾಲಿ ಜಾಗ ಬಿಡುತ್ತಾರೆ, ಕೆಲವರು ಚುಕ್ಕಿ ಇಡುತ್ತಾರೆ, ಕೆಲವರದ್ದು ಏನೂ ಇಲ್ಲದೆ ‘ಆರ್ಟಿಸಿ’ ಆಗಿರುತ್ತದೆ. ಮೇಲಿನ ರೆಜೆಕ್ಸ್ ನಾಲ್ಕನ್ನೂ ಹಿಡಿಯುತ್ತದೆ. ಬರಿ ‘ಕಂಟೇನ್ಸ್’ ಹಾಕಿದರೆ ನೀವು ಹೊಡೆದ ಹಾಗೆ ಇರುವುದಷ್ಟೇ ಸಿಗುತ್ತದೆ, ಉಳಿದದ್ದು ಇಲ್ಲವೇ ಇಲ್ಲ ಅಂದುಕೊಂಡು ಬಿಡುತ್ತೀರಿ.

ಬಲ್ಕ್ ಎಕ್ಸ್‌ಪೋರ್ಟ್: ಇವತ್ತೇ ಮಾಡಿಡಬೇಕಾದದ್ದು

ಸರ್ಚ್ ಕನ್ಸೋಲ್ 16 ತಿಂಗಳ ಡೇಟಾ ಮಾತ್ರ ಇಟ್ಟುಕೊಳ್ಳುತ್ತದೆ. ಎರಡು ಯುಗಾದಿಯನ್ನು ಹೋಲಿಸಬಹುದು, ಮೂರನೆಯದಕ್ಕೆ ಆಗುವುದಿಲ್ಲ. 2023ರ ಫೆಬ್ರವರಿಯಲ್ಲಿ ಬಂದ ಬಲ್ಕ್ ಎಕ್ಸ್‌ಪೋರ್ಟ್ ದಿನದಿನದ ಡೇಟಾವನ್ನು ನಿಮ್ಮದೇ ಬಿಗ್‌ಕ್ವೆರಿಗೆ (ಗೂಗಲ್ ಕ್ಲೌಡ್‌ನ ಡೇಟಾ ಗೋದಾಮಿಗೆ) ಹಾಕುತ್ತದೆ. ಹಿಂದಿನದನ್ನು ಅದು ತರುವುದಿಲ್ಲ, ಶುರು ಮಾಡಿದ ದಿನದಿಂದ ಮುಂದಿನದು ಮಾತ್ರ. ಈಗಲೇ ಬೇಡ ಅನ್ನಿಸಿದರೂ ಈಗಲೇ ಶುರು ಮಾಡಿಡಬೇಕು.

ಗೂಗಲ್ ಕ್ಲೌಡ್‌ನಲ್ಲಿ ಪ್ರಾಜೆಕ್ಟ್ ಮಾಡಿ ಬಿಲ್ಲಿಂಗ್ ಜೋಡಿಸಿ, ಬಿಗ್‌ಕ್ವೆರಿ ಎಪಿಐ ಆನ್ ಮಾಡಿ. ಐಎಎಂ (ಯಾರಿಗೆ ಯಾವ ಅಧಿಕಾರ ಅಂತ ನಿಗದಿ ಮಾಡುವ) ಪುಟಕ್ಕೆ ಹೋಗಿ, ಗೂಗಲ್‌ನ ಸಹಾಯ ಪುಟದಲ್ಲಿ ಕೊಟ್ಟಿರುವ ಎಕ್ಸ್‌ಪೋರ್ಟ್ ಸರ್ವಿಸ್ ಅಕೌಂಟಿಗೆ ಎರಡು ಅಧಿಕಾರ ಕೊಡಬೇಕು: ಬಿಗ್‌ಕ್ವೆರಿ ಜಾಬ್ ಯೂಸರ್, ಬಿಗ್‌ಕ್ವೆರಿ ಡೇಟಾ ಎಡಿಟರ್. ಒಂದನ್ನೇ ಕೊಟ್ಟು ಇನ್ನೊಂದನ್ನು ಮರೆತರೆ ಕೆಲಸ ಆಗುವುದಿಲ್ಲ. ಆಮೇಲೆ ಸರ್ಚ್ ಕನ್ಸೋಲಿನ ಸೆಟ್ಟಿಂಗ್ಸ್‌ನಲ್ಲಿ ಬಲ್ಕ್ ಡೇಟಾ ಎಕ್ಸ್‌ಪೋರ್ಟ್ ತೆರೆದು ಪ್ರಾಜೆಕ್ಟ್ ಐಡಿ ಹಾಕಿ, ಡೇಟಾ ಎಲ್ಲಿ ಇರಬೇಕು ಅನ್ನುವ ಜಾಗ ಆರಿಸಿ. ಪ್ರಾಪರ್ಟಿಯ (ಕನ್ಸೋಲಿಗೆ ಸೇರಿಸಿದ ಸೈಟಿನ) ಓನರ್ ಆಗಿದ್ದವರಿಗಷ್ಟೇ ಇದು ಸಾಧ್ಯ. ಮೊದಲ ಕಂತು 48 ಗಂಟೆಯೊಳಗೆ ಬರುತ್ತದೆ. ಬಿಗ್‌ಕ್ವೆರಿಯಲ್ಲಿ ತಿಂಗಳಿಗೆ 10 ಜಿಬಿ ಸಂಗ್ರಹ, 1 ಟಿಬಿ ಕ್ವೆರಿ ಉಚಿತ. ಸಾಮಾನ್ಯ ಕನ್ನಡ ಸೈಟು ಆ ಗಡಿ ಮುಟ್ಟುವುದೇ ಕಷ್ಟ. ಆದರೂ ಪ್ರತಿ ಸಲ ತಾರೀಖಿನ ಮಿತಿ ಹಾಕಿಯೇ ಹುಡುಕುವ ಅಭ್ಯಾಸ ಇರಲಿ.

ಇಲ್ಲೂ ಅನಾಮಿಕ ಕ್ವೆರಿಯ ಪದ ಬರುವುದಿಲ್ಲ, ಆ ಕಾಲಂ ಖಾಲಿ ಇರುತ್ತದೆ. ಆದರೆ ಇದು ಅನಾಮಿಕವೋ ಅಲ್ಲವೋ ಅಂತ ಹೇಳುವ ಪ್ರತ್ಯೇಕ ಕಾಲಂ ಇದೆ, ದಿನದ ಸಾಲುಮಿತಿಯೂ ಇಲ್ಲ. ಹಾಗಾಗಿ ಮುಚ್ಚಿರುವ ಪ್ರಮಾಣ ಪುಟದ ಲೆಕ್ಕದಲ್ಲಿ, ದೇಶದ ಲೆಕ್ಕದಲ್ಲಿ, ಮೊಬೈಲ್-ಡೆಸ್ಕ್‌ಟಾಪ್ ಲೆಕ್ಕದಲ್ಲಿ ಖಚಿತವಾಗಿ ಸಿಗುತ್ತದೆ.

ಮೂರು ಕಡೆ ಕಾಲು ಜಾರುತ್ತದೆ. ಸೈಟ್ ಮಟ್ಟದ ಟೇಬಲ್, ಪುಟ ಮಟ್ಟದ ಟೇಬಲ್ ಎರಡೂ ಬೇರೆ. ಒಂದೇ ಹುಡುಕಾಟದಲ್ಲಿ ನಿಮ್ಮ ಎರಡು ಪುಟ ಕಂಡರೆ ಮೊದಲನೆಯದರಲ್ಲಿ ಒಂದು ಇಂಪ್ರೆಶನ್ (ಫಲಿತಾಂಶದಲ್ಲಿ ಒಮ್ಮೆ ಕಂಡದ್ದು), ಎರಡನೆಯದರಲ್ಲಿ ಎರಡು. ಬೆರೆಸಿದರೆ ಕೆಟ್ಟಿತು. ಎರಡನೆಯದು, ಒಂದೇ ಕ್ವೆರಿ ಹಲವು ಸಾಲಾಗಿ ಹರಡಿರುತ್ತದೆ, ಕೂಡಿಸದೆ ಸಾಲು ಎಣಿಸಬಾರದು. ಮೂರನೆಯದು, ಸ್ಥಾನದ ಮೊತ್ತ ಸೊನ್ನೆಯಿಂದ ಎಣಿಸಿದ್ದು. ಅದನ್ನು ಇಂಪ್ರೆಶನ್‌ನಿಂದ ಭಾಗಿಸಿ ಒಂದು ಕೂಡಿಸಬೇಕು. ಒಂದು ಕೂಡಿಸದವರ ಸೈಟು ರಾತ್ರೋರಾತ್ರಿ ಒಂದು ಮೆಟ್ಟಿಲು ಮೇಲೆ ಹತ್ತಿರುತ್ತದೆ.

ಬಿಗ್‌ಕ್ವೆರಿ ಗೊಡವೆ ಬೇಡ ಅನ್ನುವವರು ಸೈಟಿನ ದೊಡ್ಡ ವಿಭಾಗಗಳನ್ನು, ಅಡುಗೆಯದ್ದೊಂದು, ಕೃಷಿಯದ್ದೊಂದು ಅನ್ನುವ ಹಾಗೆ, ಬೇರೆಬೇರೆ ಯುಆರ್‌ಎಲ್ ಪ್ರಿಫಿಕ್ಸ್ (ವಿಳಾಸದ ಆರಂಭದ ಭಾಗ) ಪ್ರಾಪರ್ಟಿಯಾಗಿ ಸೇರಿಸಿ. ಸಾಲುಮಿತಿ ಪ್ರಾಪರ್ಟಿಗೆ ಇಷ್ಟು ಅಂತ ಇರುವುದರಿಂದ ಪ್ರತಿ ವಿಭಾಗಕ್ಕೂ ಹೆಚ್ಚು ಸಾಲು ಸಿಗುತ್ತದೆ. ಅನಾಮಿಕ ಕ್ವೆರಿ ಮಾತ್ರ ಅನಾಮಿಕವಾಗಿಯೇ ಉಳಿಯುತ್ತದೆ.

ಪದ ಬಿಟ್ಟು ಪುಟ ಹಿಡಿಯುವುದು

ಪುಟದ ಲೆಕ್ಕದಲ್ಲಿ ಅನಾಮಿಕ ಕ್ಲಿಕ್ಕೂ ಸೇರಿರುತ್ತದೆ. ಆದ್ದರಿಂದ ನಂಬಬಹುದಾದ ಅಂಕಿ ಪುಟದ್ದೇ. ಒಂದು ಪುಟದಲ್ಲಿ ಖಾತಾ, ಪಹಣಿ, ಪೋಡಿ ಎಲ್ಲವನ್ನೂ ತುರುಕಿದ್ದರೆ 900 ಕ್ಲಿಕ್ ಯಾವುದಕ್ಕೆ ಬಂತು ಅಂತ ತಿಳಿಯುವ ದಾರಿಯೇ ಇಲ್ಲ. ಮೂರು ಪುಟ ಮಾಡಿದರೆ ಪುಟದ ಹೆಸರೇ ಪದದ ಕೆಲಸ ಮಾಡುತ್ತದೆ. ಒಂದು ಎಚ್ಚರ: ‘ಹೇಗೆ’ ಅನ್ನುವವರಿಗೊಂದು, ‘ಹೆಂಗೆ’ ಅನ್ನುವವರಿಗೊಂದು ಪುಟ ಬೇಡ. ಪ್ರಶ್ನೆ ಬೇರೆಯಾದರೆ ಪುಟ ಬೇರೆ, ಮಾತಿನ ಬಳಕೆ ಬೇರೆಯಾದರೆ ಅದೇ ಪುಟದಲ್ಲಿ ಪಹಣಿ ಅಂತಲೂ ಉತಾರ ಅಂತಲೂ ಒಂದೊಂದು ಕಡೆ ಸಹಜವಾಗಿ ಬರಲಿ, ಸಾಕು.

ಕನ್ಸೋಲಿನ ದಿನದ ತಾರೀಖು ಅಮೆರಿಕದ ಪೆಸಿಫಿಕ್ ಸಮಯದ್ದು. ಅಲ್ಲಿ ದಿನ ಬದಲಾಗುವುದು ನಮ್ಮ ಮಧ್ಯಾಹ್ನ 12.30ಕ್ಕೆ, ಚಳಿಗಾಲದಲ್ಲಿ 1.30ಕ್ಕೆ. ಯುಗಾದಿಯ ಬೆಳಿಗ್ಗೆ 7ಕ್ಕೆ ಒಬ್ಬಟ್ಟಿನ ಹೂರಣದ ಅಳತೆ ಹುಡುಕಿದವರು ಹಿಂದಿನ ದಿನದ ಸಾಲಿನಲ್ಲಿ ಕಾಣುತ್ತಾರೆ. ಅನಲಿಟಿಕ್ಸ್ ಭಾರತೀಯ ಸಮಯದಲ್ಲಿದ್ದರೆ ಎರಡರ ಶಿಖರ ಒಂದು ದಿನ ಆಚೀಚೆ. ಹಬ್ಬದ ಲೆಕ್ಕವನ್ನು ದಿನಕ್ಕೆ ದಿನ ಹೋಲಿಸದೆ ವಾರಕ್ಕೆ ವಾರ ಹೋಲಿಸಿ.

ಮತ್ತೊಂದು, ಇದು ಖಾಸಗಿತನದ ಬದಲಾವಣೆ ಅಲ್ಲದಿದ್ದರೂ ಹಾಗೆಂದೇ ಹಲವರು ಅಂದುಕೊಂಡದ್ದು: 2025ರ ಸೆಪ್ಟೆಂಬರ್‌ನಲ್ಲಿ ಒಂದೇ ಪುಟದಲ್ಲಿ 100 ಫಲಿತಾಂಶ ತರಿಸುವ ಹಳೆಯ ಉಪಾಯ ಗೂಗಲ್‌ನಲ್ಲಿ ನಿಂತಿತು. ಅದೇ ಹೊತ್ತಿಗೆ ಬಹಳ ಸೈಟುಗಳಲ್ಲಿ ಇಂಪ್ರೆಶನ್ ಕುಸಿದು, ಸರಾಸರಿ ಸ್ಥಾನ ಚೆನ್ನಾದಂತೆ ಕಂಡಿತು. ಆ ಗೆರೆಯ ಎರಡು ಬದಿಯ ಇಂಪ್ರೆಶನ್‌ಗಳನ್ನು ಹೋಲಿಸಬೇಡಿ, ಕ್ಲಿಕ್ ನೋಡಿ.

ಅನಲಿಟಿಕ್ಸ್ ಬೇರೆಯೇ ಹೇಳುತ್ತದೆ

ಜಿಎ4ರ (ಗೂಗಲ್ ಅನಲಿಟಿಕ್ಸ್‌ನ ಈಗಿನ ಆವೃತ್ತಿಯ) ಸೆಷನ್ನು (ಒಂದೊಂದು ಭೇಟಿ), ಕನ್ಸೋಲಿನ ಕ್ಲಿಕ್ಕು ಒಂದೇ ಆಗಬೇಕು ಅಂತ ತಲೆಕೆಡಿಸಿಕೊಳ್ಳುವವರು ಬಹಳ. ಆಗುವುದಿಲ್ಲ. ಪಿಡಿಎಫ್ ಮೇಲಿನ ಕ್ಲಿಕ್ ಕನ್ಸೋಲಿನಲ್ಲಿ ಎಣಿಕೆಯಾಗುತ್ತದೆ, ಅನಲಿಟಿಕ್ಸ್ ಕೋಡು ಪಿಡಿಎಫ್‌ನೊಳಗೆ ಓಡುವುದಿಲ್ಲ. ಆ್ಯಡ್ ಬ್ಲಾಕರ್ ಇದ್ದವರು ಅಲ್ಲಿ ಕಾಣುವುದಿಲ್ಲ. ಕುಕಿ (ಬಂದವರನ್ನು ನೆನಪಿಡಲು ಬ್ರೌಸರ್‌ನಲ್ಲಿ ಇಡುವ ಗುರುತು) ಬೇಡ ಅಂದವರೂ ಅಷ್ಟೆ. ಅನುಪಾತ ತಿಂಗಳಿಂದ ತಿಂಗಳಿಗೆ ಹೆಚ್ಚುಕಡಿಮೆ ಒಂದೇ ಇದ್ದರೆ ಸರಿ. ಥಟ್ಟನೆ ಮುರಿದರೆ ಆಗ ಕೋಡ್ ಪರೀಕ್ಷಿಸಿ, ಹೊಸ ಥೀಮ್ ಹಾಕಿದ ದಿನ ಯಾವುದು ನೋಡಿ.

ಹೊರದೇಶದ ಕನ್ನಡಿಗರ ಲೆಕ್ಕ ಇಲ್ಲಿ ಹೆಚ್ಚು ಕೆಡುತ್ತದೆ. 2019ರಿಂದ ಸಫಾರಿಯಲ್ಲಿ ಜಾವಾಸ್ಕ್ರಿಪ್ಟ್ ಹಾಕಿದ ಕುಕಿಗೆ ಆಯುಷ್ಯ ಏಳೇ ದಿನ. ಅಮೆರಿಕದಲ್ಲಿ ಐಫೋನಿನಲ್ಲಿ ಹತ್ತು ದಿನಕ್ಕೊಮ್ಮೆ ಬರುವ ಒಬ್ಬ ನಿಷ್ಠಾವಂತ ಓದುಗ ಪ್ರತಿ ಸಲವೂ ಹೊಸಬನಾಗಿ ಎಣಿಕೆಯಾಗುತ್ತಾನೆ. ಆ ದೇಶದ ‘ಹೊಸ ಬಳಕೆದಾರರು’ ಏರಿದ್ದನ್ನು ಕಂಡು ಹಿಗ್ಗುವ ಮೊದಲು, ಬ್ರೌಸರ್ ಪ್ರಕಾರ ಒಡೆದು ನೋಡಿ. ಯೂರೋಪಿನವರಿಗೆ ಒಪ್ಪಿಗೆ ಕೇಳುವ ಫಲಕ ಹಾಕಲೇಬೇಕು. ಬೇಡ ಅಂದವರ ಜಾಗವನ್ನು ಅಂದಾಜಿನಿಂದ ತುಂಬುವ ಸೌಲಭ್ಯ ಜಿಎ4ರಲ್ಲಿದೆ, ಆದರೆ ಅದಕ್ಕೆ ದಿನಕ್ಕೆ ಕನಿಷ್ಠ 1,000 ಜನ ಒಪ್ಪಿಗೆ ಕೊಟ್ಟಿರಬೇಕು, ನಿರಾಕರಿಸಿದವರಿಂದಲೂ ದಿನಕ್ಕೆ 1,000 ಈವೆಂಟ್ (ದಾಖಲಾಗುವ ಒಂದೊಂದು ಕ್ರಿಯೆ) ಬಂದಿರಬೇಕು. ಸಣ್ಣ ಸೈಟಿಗೆ ಅದು ಕನಸು.

ಜಿಎ4ರಲ್ಲಿ ಒಂದು ಸೆಟ್ಟಿಂಗನ್ನು ಮಾತ್ರ ಈ ಪುಟ ಓದುತ್ತಿರುವಾಗಲೇ ಬದಲಿಸಿ. ಅಡ್ಮಿನ್‌ನಲ್ಲಿ ಡೇಟಾ ರಿಟೆನ್ಶನ್ (ಡೇಟಾ ಇಟ್ಟುಕೊಳ್ಳುವ ಅವಧಿ) ಮೊದಲಿನಿಂದಲೂ 2 ತಿಂಗಳಿಗೆ ಇಟ್ಟಿರುತ್ತದೆ, ಅದನ್ನು 14 ಮಾಡಿ. ಎಕ್ಸ್‌ಪ್ಲೊರೇಶನ್‌ನಲ್ಲಿ ಹಳೆಯದನ್ನು ಕೆದಕಲು ಹೋದಾಗ ಇದರ ಬೆಲೆ ಗೊತ್ತಾಗುತ್ತದೆ. ಅಳಿದದ್ದು ವಾಪಸ್ ಬರುವುದಿಲ್ಲ.

ವಾಟ್ಸ್ಆ್ಯಪ್‌ನಲ್ಲಿ ಹಂಚಿದ ಲಿಂಕಿಗೆ ಸಾಮಾನ್ಯವಾಗಿ ರೆಫರರ್ ಇರುವುದಿಲ್ಲ, ‘ಡೈರೆಕ್ಟ್’ನಲ್ಲಿ ಸೇರಿಹೋಗುತ್ತದೆ. ಶೇರ್ ಬಟನ್ನಿನ ಲಿಂಕಿಗೆ ಯುಟಿಎಂ ಟ್ಯಾಗ್ (ಎಲ್ಲಿಂದ ಬಂದರು ಅಂತ ಲಿಂಕಿನಲ್ಲೇ ಬರೆಯುವ ಗುರುತು) ಹಾಕಿ, ಒಂದೇ ಕಾಗುಣಿತದಲ್ಲಿ, ಎಲ್ಲ ಸಣ್ಣಕ್ಷರದಲ್ಲಿ. ಸೈಟಿನ ಒಳಗಿನ ಲಿಂಕಿಗೆ ಮಾತ್ರ ಹಾಕಬೇಡಿ. ಸರ್ಚ್‌ನಿಂದ ಬಂದವರ ಮೂಲದ ಲೆಕ್ಕ ಕಲಸಿಹೋಗಿ ಮತ್ತೊಂದು ಗೋಜಲಾಗುತ್ತದೆ.

ಹಾಗಾದರೆ ಓದುಗರ ಮಾತು ಅವರದೇ ಕಾಗುಣಿತದಲ್ಲಿ ಇನ್ನೆಲ್ಲೂ ಸಿಗುವುದಿಲ್ಲವೇ? ಸಿಗುತ್ತದೆ, ನಿಮ್ಮ ಸೈಟಿನೊಳಗಿನ ಹುಡುಕು ಪೆಟ್ಟಿಗೆಯಲ್ಲಿ. ಗೂಗಲ್ ಸರ್ಚಿನ ಜರಡಿ ಅಲ್ಲಿಲ್ಲ, ಡಜನ್ ಲೆಕ್ಕ ಇಲ್ಲ. ಹೆಚ್ಚಿನ ಕನ್ನಡ ಸೈಟುಗಳು ಅದನ್ನು ಮೊಬೈಲಿನಲ್ಲಿ ಮೂರು ಗೆರೆಯ ಮೆನುವಿನೊಳಗೆ ಬಚ್ಚಿಟ್ಟಿರುತ್ತವೆ. ಹೊರಗೆ ತೆಗೆದು ಲೇಖನದ ಕೊನೆಯಲ್ಲಿ ‘ಬೇಕಾದದ್ದು ಸಿಗಲಿಲ್ಲವೇ?’ ಅಂತ ಒಂದು ಸಾಲಿನ ಜೊತೆ ಇಡಿ. ಜಿಎ4ರ ಎನ್‌ಹ್ಯಾನ್ಸ್ಡ್ ಮೆಶರ್‌ಮೆಂಟ್‌ನಲ್ಲಿ ಸೈಟ್ ಸರ್ಚ್ ಆನ್ ಇದ್ದರೆ ವರ್ಡ್‌ಪ್ರೆಸ್‌ನ ಹುಡುಕಾಟ ತಾನಾಗಿ ದಾಖಲಾಗುತ್ತದೆ. ಬೇರೆ ಸಾಫ್ಟ್‌ವೇರ್ ಆದರೆ ಹುಡುಕಿದ ಮೇಲೆ ವಿಳಾಸಪಟ್ಟಿಯಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಮುಂದೆ ಯಾವ ಹೆಸರು ಬರುತ್ತದೆ ನೋಡಿ, ಅದನ್ನು ಸೆಟ್ಟಿಂಗ್‌ನಲ್ಲಿ ಸೇರಿಸಿ. ಪುಟ ಬದಲಾಗದೆ ಫಲಿತಾಂಶ ತೋರಿಸುವ ಪೆಟ್ಟಿಗೆಯಾದರೆ ಏನೂ ದಾಖಲಾಗುವುದಿಲ್ಲ, ಈವೆಂಟನ್ನು ಕೈಯಾರೆ ಕಳಿಸಬೇಕು. ಫಲಿತಾಂಶವೇ ಸಿಗದ ಹುಡುಕಾಟಗಳನ್ನು ಬೇರೆ ಪಟ್ಟಿ ಮಾಡಿ, ಮುಂದೆ ಬರೆಯಬೇಕಾದದ್ದು ಅಲ್ಲಿರುತ್ತದೆ.

ಆ ಪಟ್ಟಿ ಕೈಗೆ ಬಂದ ಮೇಲೆ ಗೂಗಲ್ ಇದ್ದ ಜಾಗದಲ್ಲಿ ನೀವು ನಿಂತಿರುತ್ತೀರಿ. ಪಹಣಿಯ ಸೈಟಾದರೆ ಜನ ಆ ಪೆಟ್ಟಿಗೆಯಲ್ಲಿ ಸರ್ವೆ ನಂಬರ್, ಅಪ್ಪನ ಹೆಸರು, ಫೋನ್ ನಂಬರ್ ಎಲ್ಲ ಹೊಡೆಯುತ್ತಾರೆ. ಗುರುತು ಹಿಡಿಯಬಹುದಾದ ಮಾಹಿತಿಯನ್ನು ಅನಲಿಟಿಕ್ಸ್‌ಗೆ ಕಳಿಸುವುದು ಅದರ ನಿಯಮಕ್ಕೇ ವಿರುದ್ಧ, ಭಾರತದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಇದೆ. ನಾಲ್ಕಕ್ಕಿಂತ ಹೆಚ್ಚು ಅಂಕಿ ಒಟ್ಟಿಗೆ ಬಂದರೆ ಕಳಿಸುವ ಮೊದಲೇ ಅಳಿಸುವ ಒಂದು ಸಾಲಿನ ಕೋಡ್ ಹಾಕಿಸಿ. ಇಂಗ್ಲಿಷ್ ಅಂಕಿ ಮಾತ್ರವಲ್ಲ, ೦ಯಿಂದ ೯ರವರೆಗಿನ ಕನ್ನಡ ಅಂಕಿಯನ್ನೂ ಅದರಲ್ಲಿ ಸೇರಿಸಲು ಹೇಳಿ. ಕೋಡ್ ಬರೆಯುವವರು ಸಾಮಾನ್ಯವಾಗಿ ಮರೆಯುವುದು ಅದನ್ನೇ.